ಪೊಲೀಸರೇ ಇಲ್ಲದ ಕೋರ್ಟು ಎಂಥ ಕೋರ್ಟು? ನರಮೇಧಕ್ಕೆ ಯಾವ ದೇಶ ಹೇಗೆ ನ್ಯಾಯ ಹುಡುಕಿತು

ಕಾಳಿ ದಂಡೆ (ಕಾರವಾರ) · ಶನಿವಾರ ರಾತ್ರಿ 9.40

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಟಿವಿಯಲ್ಲಿ ನೆದರ್ಲೆಂಡ್ಸ್‌ನ ಹೇಗ್ ಊರಿನ ಕೋರ್ಟಿನ ಸುದ್ದಿ ಬಂತು. ಬಂಗಡೆ ಸಾರು ಬಡಿಸುತ್ತಿದ್ದ ಆಯಿ ಕೇಳಿದಳು, "ಆ ಕೋರ್ಟಿಗೆ ಪೊಲೀಸರು ಎಷ್ಟು ಜನ ತಮಾ?" ಒಬ್ಬರೂ ಇಲ್ಲ ಅಂದೆ. "ಪೊಲೀಸರೇ ಇಲ್ಲದ ಕೋರ್ಟು ಎಂಥ ಕೋರ್ಟು?" ಅಂತ ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು.

ನಾನು ಇಲ್ಲಿ ವಕೀಲ. ಗಡಿ ಜಗಳ, ಚೆಕ್ ಬೌನ್ಸ್, ಪಾಲಿನ ದಾವೆ, ಇಷ್ಟೇ ನನ್ನ ಪ್ರಪಂಚ. ಆದರೆ ಮುಂದಿನ ತಿಂಗಳು ಶಿರಸಿಯಲ್ಲಿ ಕಾಲೇಜು ಮಕ್ಕಳೆದುರು ಈ ವಿಷಯ ಮಾತಾಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟಿದ್ದೇನೆ. ಎರಡು ವಾರದಿಂದ ಓದುತ್ತಿದ್ದೇನೆ. ಓದಿದಷ್ಟೂ ಆಯಿಯ ಪ್ರಶ್ನೆಯೇ ದೊಡ್ಡದಾಗುತ್ತಿದೆ.

ಆ ಕೋರ್ಟಿನ ಹೆಸರು ಐಸಿಸಿ. ಕ್ರಿಕೆಟಿನದ್ದಲ್ಲ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. 1998ರ ಜುಲೈನಲ್ಲಿ ರೋಮ್‌ನಲ್ಲಿ ಒಪ್ಪಂದ ಆಯಿತು. 120 ದೇಶ ಪರ, 7 ವಿರುದ್ಧ, 21 ತಟಸ್ಥ. ನಾವು ತಟಸ್ಥರ ಸಾಲಿನಲ್ಲಿ. 2002ರಿಂದ ಕೋರ್ಟು ನಡೆಯುತ್ತಿದೆ. ಆರೋಪಿಯನ್ನು ಹಿಡಿದು ಕೊಡುವ ಕೆಲಸ ಸದಸ್ಯ ದೇಶಗಳದ್ದು. ಮನಸ್ಸಿದ್ದರೆ ಹಿಡಿಯುತ್ತಾರೆ. ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆಯನ್ನು 2025ರ ಮಾರ್ಚ್‌ನಲ್ಲಿ ಮನಿಲಾ ವಿಮಾನ ನಿಲ್ದಾಣದಲ್ಲೇ ಅವರ ದೇಶದ ಪೊಲೀಸರು ಹಿಡಿದು, ಅದೇ ರಾತ್ರಿ ಹೇಗ್‌ಗೆ ವಿಮಾನ ಹತ್ತಿಸಿದರು. ಪುಟಿನ್ ಮೇಲೆ 2023ರ ಮಾರ್ಚ್‌ನಿಂದ ವಾರಂಟು ಇದೆ. 2024ರ ಸೆಪ್ಟೆಂಬರ್‌ನಲ್ಲಿ ಅವರು ಮಂಗೋಲಿಯಾಕ್ಕೆ ಹೋದರು. ಅದು ಸದಸ್ಯ ದೇಶ, ಹಿಡಿಯಬೇಕಿತ್ತು. ಗೌರವ ವಂದನೆ ಕೊಟ್ಟು ಕಳಿಸಿದರು.

ಇದನ್ನೂ ಆಯಿಗೆ ಹೇಳಿದೆ. "ಹಂಗಾದ್ರೆ ನಮ್ಮ ಊರಿನ ಹಂಗೇ ಆತಲ್ಲ" ಅಂದಳು.

ನಿಮಗೆ ಗೊತ್ತಿರುವುದು ಹೇಳಿ. ಯಾವ ಕಡೆಯವರು ಮಾಡಿದ್ದು ನ್ಯಾಯ ಅನಿಸುತ್ತದೆ, ಯಾವುದು ಬರೀ ನಾಟಕ ಅನಿಸುತ್ತದೆ?

ಅಡಿಕೆ ಮಂಡಿ (ಶಿರಸಿ) · ಶನಿವಾರ ರಾತ್ರಿ 10.15

ನಾನು ಲೆಕ್ಕ ಬರೆಯುವವನು. ಲೆಕ್ಕದಲ್ಲೇ ಹೇಳುತ್ತೇನೆ.

ಕಾಂಬೋಡಿಯಾ. 1975ರಿಂದ 79ರವರೆಗೆ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟರ ಆಳ್ವಿಕೆ. ಸತ್ತವರು ಸುಮಾರು 17 ಲಕ್ಷ ಅಂತ ಅಂದಾಜು. ವಿಶ್ವಸಂಸ್ಥೆಯೂ ಅಲ್ಲಿನ ಸರ್ಕಾರವೂ ಸೇರಿ ನಡೆಸಿದ ಕೋರ್ಟು ಶುರುವಾದದ್ದು 2006ರಲ್ಲಿ, ಮುಗಿದದ್ದು 2022ರಲ್ಲಿ. ಖರ್ಚು 30 ಕೋಟಿ ಡಾಲರಿಗೂ ಜಾಸ್ತಿ. ಶಿಕ್ಷೆ ಆದದ್ದು ಎಷ್ಟು ಜನಕ್ಕೆ? ಮೂರು. ಎಲ್ಲಕ್ಕೂ ಮೂಲ, ಅವರ ನಾಯಕ ಪೋಲ್ ಪಾಟ್ 1998ರಲ್ಲೇ ಸತ್ತುಹೋಗಿದ್ದ.

ನಮ್ಮ ಕಡೆ ಆಲೆಮನೆಯಲ್ಲಿ ಹೀಗಾದರೆ ಏನು ಹೇಳುತ್ತೇವೆ? ಸೌದೆ ಗಾಡಿಗಟ್ಟಲೆ, ಬೆಲ್ಲ ಬೊಗಸೆಯಷ್ಟು. ಆ ದುಡ್ಡಿನಲ್ಲಿ ಎಷ್ಟು ಹಳ್ಳಿಗೆ ಆಸ್ಪತ್ರೆ ಕಟ್ಟಬಹುದಿತ್ತು ಅಲ್ವಾ?

ಅಂಕೋಲೆ ಅಕ್ಕೋರು · ಶನಿವಾರ ರಾತ್ರಿ 11.05

ಮಂಡಿಯವರೇ, ಆ ಮೂವರಲ್ಲಿ ಒಬ್ಬನ ಬಗ್ಗೆ ಹೇಳುತ್ತೇನೆ, ಆಮೇಲೆ ಲೆಕ್ಕ ಮಾಡೋಣ.

ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ ಒಂದು ಹೈಸ್ಕೂಲು ಇತ್ತು. ಅದನ್ನೇ ಜೈಲು ಮಾಡಿದರು. ಎಸ್-21 ಅಂತ ಹೆಸರು. ಕ್ಲಾಸ್‌ರೂಮಿನೊಳಗೆ ಇಟ್ಟಿಗೆ ಗೋಡೆ ಎಬ್ಬಿಸಿ, ಒಬ್ಬ ಮನುಷ್ಯ ಕಾಲು ಚಾಚಲಿಕ್ಕೂ ಆಗದಷ್ಟು ಸಣ್ಣ ಸಣ್ಣ ಗೂಡು. ಈಗ ಅದು ವಸ್ತುಸಂಗ್ರಹಾಲಯ. ಆ ಜೈಲಿನ ಮುಖ್ಯಸ್ಥ ಡುಯಿಕ್ ಮೊದಲು ಏನು ಮಾಡುತ್ತಿದ್ದ ಗೊತ್ತಾ? ಗಣಿತದ ಮಾಸ್ತರ. ಪ್ರತಿ ಕೈದಿ ಬಂದ ಕೂಡಲೇ ಫೋಟೋ. ಹೆಸರು, ಹೇಳಿಕೆ, ತಾರೀಕು, ಎಲ್ಲ ಅಚ್ಚುಕಟ್ಟು, ನಾವು ಹಾಜರಿ ಪುಸ್ತಕ ತುಂಬಿದ ಹಾಗೆ. ಕಡಿಮೆ ಅಂದರೂ 12,272 ಜನ ಅಲ್ಲಿ ಸತ್ತರು ಅಂತ ಕೋರ್ಟು ತೀರ್ಪಿನಲ್ಲಿ ಬರೆಯಿತು. ಅಷ್ಟು ಕರಾರುವಾಕ್ಕಾಗಿ ಬರೆಯಲು ಆದದ್ದೇ ಅವನ ಕಾಗದಗಳಿಂದ. 2010ರಲ್ಲಿ 35 ವರ್ಷ ಶಿಕ್ಷೆ ಆಯಿತು, ಮೇಲ್ಮನವಿಯಲ್ಲಿ 2012ರಲ್ಲಿ ಜೀವಾವಧಿ.

ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಇದನ್ನು ಓದಿದ ರಾತ್ರಿ ನನ್ನ ಹಳೆಯ ಹಾಜರಿ ಪುಸ್ತಕ ಕಪಾಟಿನಲ್ಲಿ ನೋಡಲಿಕ್ಕೇ ಮನಸ್ಸಾಗಲಿಲ್ಲ.

ಇನ್ನು ಖರ್ಚಿನ ಮಾತು. ಆ ಕೋರ್ಟು ಹಳ್ಳಿಗಳಿಂದ ಬಸ್ಸು ಮಾಡಿ ಜನರನ್ನು ಕರೆತಂದು ಗ್ಯಾಲರಿಯಲ್ಲಿ ಕೂರಿಸಿತು. ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಎರಡನೇ ಕೇಸಿನಲ್ಲಿ 3,800ಕ್ಕೂ ಹೆಚ್ಚು ಸಂತ್ರಸ್ತರು ಬರೀ ಸಾಕ್ಷಿಗಳಲ್ಲ, ಕೇಸಿನಲ್ಲಿ ಪಕ್ಷಗಾರರೇ ಆಗಿದ್ದರು. ಸಾಯುವ ಮೊದಲು ಎದುರು ಕೂತು "ನನ್ನ ಗಂಡನನ್ನು ಎಲ್ಲಿ ಹಾಕಿದಿರಿ" ಅಂತ ಕೇಳಲಿಕ್ಕೆ ಆಯಿತಲ್ಲ. ಅದಕ್ಕೆ ಯಾವ ಖಾತೆಯಲ್ಲಿ ಲೆಕ್ಕ ಬರೆಯುತ್ತೀರಿ?

ಅಡಿಕೆ ಮಂಡಿ · ಶನಿವಾರ ರಾತ್ರಿ 11.20

ಬಸ್ಸಿನ ವಿಷಯ ಗೊತ್ತಿರಲಿಲ್ಲ ಅಕ್ಕೋರೇ. ಆದರೂ ಮೂರು ಅಂದರೆ ಮೂರೇ.

ಕುಮಟೆಯವ, ಈಗ ಹೇಗ್ · ಭಾನುವಾರ ಬೆಳಿಗ್ಗೆ 11.30

ಇಲ್ಲಿ ಈಗಷ್ಟೇ ಬೆಳಗಾಯಿತು. ಆ ಐಸಿಸಿ ನನ್ನ ಮನೆಯಿಂದ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ಸಮುದ್ರದ ಪಕ್ಕ, ಮರಳು ದಿಬ್ಬಗಳ ನಡುವೆ ಗಾಜಿನ ಕಟ್ಟಡ. ಗಾಳಿ ನಮ್ಮ ಹೆಡ್ ಬಂದರಿನ ಹಾಗೆ, ಚಳಿ ಮಾತ್ರ ದೇವರೇ.

ಗುರುತಿನ ಚೀಟಿ ತೋರಿಸಿದರೆ ಯಾರು ಬೇಕಾದರೂ ಗ್ಯಾಲರಿಯಲ್ಲಿ ಕೂರಬಹುದು, ಪುಕ್ಕಟೆ. ಫೋನ್ ಹೊರಗಿಡಬೇಕು. ಗಾಜಿನ ಆಚೆ ಕೋರ್ಟು, ಈಚೆ ನಾವು, ಕಿವಿಗೆ ಹೆಡ್‌ಫೋನ್. ನಾನು ಹೋದ ದಿನ ಸಾಕ್ಷಿಯ ಹೆಸರು ಗುಟ್ಟಾಗಿ ಇಡಬೇಕಾಗಿತ್ತು. ಸಾಕ್ಷಿ ಒಳಗೆ ಬರುವ ಮೊದಲು ಗಾಜಿಗೆ ಪರದೆ ಇಳಿಸಿದರು. ಆಮೇಲೆ ಬರೀ ದನಿ, ಅದೂ ಯಂತ್ರ ಬದಲಿಸಿದ ದನಿ. ಪ್ರಶ್ನೆ ಕೇಳಿದ ಮೇಲೆ ಅನುವಾದಕ್ಕೆ ಕಾಯಬೇಕು, ಉತ್ತರಕ್ಕೆ ಮತ್ತೆ ಕಾಯಬೇಕು. ಒಂದು ಗಂಟೆಯಲ್ಲಿ ಸಾಕ್ಷಿಯ ಊರಿನ ಎರಡು ದಾರಿ ಎಲ್ಲಿ ಕೂಡುತ್ತವೆ ಅನ್ನುವುದಷ್ಟೇ ಇತ್ಯರ್ಥ ಆಯಿತು. ಪಕ್ಕದಲ್ಲಿದ್ದ ವಿದ್ಯಾರ್ಥಿಗಳು ತೂಕಡಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ತೂಕಡಿಸಿದೆ.

ಆದರೆ ನಿಮ್ಮ ಆಯಿಯ ಪ್ರಶ್ನೆಗೆ ಒಂದು ಉತ್ತರ ಇದೇ ಊರಲ್ಲಿ ಇದೆ. ಐಸಿಸಿಗಿಂತ ಮೊದಲು, 1993ರಲ್ಲಿ, ಯುಗೊಸ್ಲಾವಿಯದ ಯುದ್ಧಾಪರಾಧಗಳಿಗೆ ಇಲ್ಲಿ ಬೇರೆ ಕೋರ್ಟು ಮಾಡಿದ್ದರು. ಅದಕ್ಕೂ ಸ್ವಂತ ಪೊಲೀಸರಿಲ್ಲ. ಆರೋಪ ಹೊರಿಸಿದ್ದು 161 ಜನರ ಮೇಲೆ. ತಲೆಮರೆಸಿಕೊಂಡವನು ಅಂತ ಕೊನೆಗೆ ಒಬ್ಬನೂ ಉಳಿಯಲಿಲ್ಲ. ಹೇಗೆ? ಸರ್ಬಿಯಾಕ್ಕೆ ಯುರೋಪಿಯನ್ ಒಕ್ಕೂಟ ಸೇರಬೇಕಿತ್ತು. "ಮೊದಲು ಅವರನ್ನು ಕೊಡಿ, ಆಮೇಲೆ ಮಾತು" ಅಂದರು. ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 1995ರ ಜುಲೈನಲ್ಲಿ 8,000ಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದ ಪ್ರಕರಣದ ಸರ್ಬ್ ನಾಯಕ ಕರಾಜಿಚ್ 2008ರಲ್ಲಿ ಸಿಕ್ಕಿಬಿದ್ದ, ಸೇನಾಧಿಕಾರಿ ಮ್ಲಾದಿಚ್ 2011ರಲ್ಲಿ. ಇಬ್ಬರಿಗೂ ಜೀವಾವಧಿ ಆಯಿತು.

ಹೊನ್ನಾವರ ಬಂದರು · ಭಾನುವಾರ ಬೆಳಿಗ್ಗೆ 11.48

ಆ ಕರಾಜಿಚ್ ನಾಟಿ ವೈದ್ಯನ ವೇಷ ಹಾಕಿಕೊಂಡು ಇದ್ದವನಲ್ವಾ? ಗಡ್ಡ, ಜುಟ್ಟು, ಬೇರೆ ಹೆಸರು, ಊರೂರಲ್ಲಿ ಆರೋಗ್ಯದ ಭಾಷಣ. ಬೆಲ್‌ಗ್ರೇಡಿನಲ್ಲಿ ಬಸ್ಸಿನಲ್ಲಿ ಹಿಡಿದರಂತೆ. ಹದಿಮೂರು ವರ್ಷ ಯಾರಿಗೂ ಗುರುತೇ ಸಿಗಲಿಲ್ಲ ಅಂದರೆ ನಂಬುವುದು ಹೇಗೆ ಮಾರಾಯ್ರೆ.

ಇನ್ನೊಂದು. ಗ್ಯಾಂಬಿಯಾ ಅನ್ನುವ ಸಣ್ಣ ದೇಶ ರೋಹಿಂಗ್ಯಾಗಳ ಪರ ಮ್ಯಾನ್ಮಾರ್ ಮೇಲೆ ಕೇಸು ಹಾಕಿದ್ದೂ ಈ ಐಸಿಸಿಯಲ್ಲೇ ಅಲ್ವಾ?

ಕಾಳಿ ದಂಡೆ · ಭಾನುವಾರ ಮಧ್ಯಾಹ್ನ 12.10

ಅಲ್ಲ, ಅದು ಅದೇ ಊರಿನ ಇನ್ನೊಂದು ಕೋರ್ಟು, ಅಂತರರಾಷ್ಟ್ರೀಯ ನ್ಯಾಯಾಲಯ (ಐಸಿಜೆ). ಅಲ್ಲಿ ದೇಶದ ಮೇಲೆ ದೇಶ ದಾವೆ ಹಾಕುವುದು, ನಮ್ಮ ಸಿವಿಲ್ ಕೋರ್ಟಿನ ಹಾಗೆ ಅಂದುಕೊಳ್ಳಿ. ಯಾರೂ ಜೈಲಿಗೆ ಹೋಗುವುದಿಲ್ಲ. ಐಸಿಸಿಯಲ್ಲಿ ಕಟಕಟೆಗೆ ಬರುವುದು ಮನುಷ್ಯ. ಗ್ಯಾಂಬಿಯಾ 2019ರ ನವೆಂಬರಿನಲ್ಲಿ ದಾವೆ ಹಾಕಿತು. ರೋಹಿಂಗ್ಯಾಗಳನ್ನು ರಕ್ಷಿಸಿ ಅಂತ 2020ರ ಜನವರಿಯಲ್ಲಿ ಮಧ್ಯಂತರ ಆದೇಶ ಬಂತು. ಅಷ್ಟು ದೂರದ ದೇಶಕ್ಕೆ ಯಾಕೆ ಬೇಕಿತ್ತು ಅಂದರೆ, ಅಲ್ಲಿನ ಆಗಿನ ಕಾನೂನು ಮಂತ್ರಿ ಮೊದಲು ರುವಾಂಡಾ ಕೋರ್ಟಿನಲ್ಲಿ ಕೆಲಸ ಮಾಡಿದವರು. ಬಾಂಗ್ಲಾದೇಶದ ಕಾಕ್ಸ್ ಬಜಾರಿನ ರೋಹಿಂಗ್ಯಾ ನಿರಾಶ್ರಿತರ ಮಾತು ಕೇಳಿದಾಗ ಅವರಿಗೆ ರುವಾಂಡಾ ನೆನಪಾಯಿತಂತೆ.

ರುವಾಂಡಾ ಅಂದೆನಲ್ಲ, ನನ್ನ ತಲೆಯಲ್ಲಿ ಕೂತಿರುವುದೇ ಅದು. 1994ರಲ್ಲಿ ನೂರು ದಿನದಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು. ಕೊಂದವರು ಹೊರಗಿನವರಲ್ಲ, ನೆರೆಮನೆಯವರು. ವಿಶ್ವಸಂಸ್ಥೆ ತಾಂಜಾನಿಯಾದ ಅರೂಷಾದಲ್ಲಿ ಕೋರ್ಟು ಮಾಡಿ 93 ಜನ ದೊಡ್ಡವರ ಮೇಲೆ ಆರೋಪ ಹೊರಿಸಿತು. ಅತ್ತ ದೇಶದೊಳಗೆ ಜೈಲಿನಲ್ಲಿ ಇದ್ದವರು ಲಕ್ಷಕ್ಕೂ ಮೇಲೆ. ನ್ಯಾಯಾಧೀಶರಲ್ಲೂ ವಕೀಲರಲ್ಲೂ ಬಹಳ ಜನ ಸತ್ತಿದ್ದರು. ಇದ್ದ ವೇಗದಲ್ಲಿ ವಿಚಾರಣೆ ನಡೆದರೆ ನೂರು ವರ್ಷ ಬೇಕು ಅಂತ ಲೆಕ್ಕ ಬಂತು. (ನಮ್ಮ ಪಾಲಿನ ದಾವೆಗಳಿಗೆ ಹೋಲಿಸಿದರೆ ಅದೇನು ಜಾಸ್ತಿ ಅಲ್ಲ ಬಿಡಿ.)

ಆಗ ಅವರು ಹಳೆಯ ಪದ್ಧತಿಯೊಂದನ್ನು ಹೊರತೆಗೆದರು. ಗಚಾಚಾ. ಹುಲ್ಲು ಅನ್ನುವ ಅರ್ಥದ ಮಾತು, ಹುಲ್ಲಿನ ಮೇಲೆ ಕೂತು ನ್ಯಾಯ ಹೇಳುವುದು. ಊರವರೇ ಆರಿಸಿದ ನ್ಯಾಯಗಾರರು. ವಕೀಲರಿಲ್ಲ. ಸುಮಾರು 12,000 ಕಡೆ ಇಂಥ ಕೂಟ ನಡೆದವು, 2012ರಲ್ಲಿ ಮುಚ್ಚುವ ಹೊತ್ತಿಗೆ 19 ಲಕ್ಷದಷ್ಟು ಪ್ರಕರಣ ಮುಗಿದಿದ್ದವು. ತಪ್ಪೊಪ್ಪಿಕೊಂಡು ಹೆಣ ಎಲ್ಲಿದೆ ಅಂತ ತೋರಿಸಿದವನಿಗೆ ಶಿಕ್ಷೆ ಕಡಿಮೆ, ಉಳಿದದ್ದಕ್ಕೆ ರಸ್ತೆ, ಮನೆ ಕಟ್ಟುವ ಕೆಲಸ.

ಮಂಡಿಯವರೇ, ಇದರ ಬೆಲ್ಲ-ಸೌದೆ ಲೆಕ್ಕ ಹೇಗೆ?

ಅಡಿಕೆ ಮಂಡಿ · ಭಾನುವಾರ ಮಧ್ಯಾಹ್ನ 12.45

ಇದು ಒಪ್ಪಿದೆ. ಕಡಿಮೆ ಖರ್ಚು, ಬೇಗ ತೀರ್ಮಾನ, ಊರಲ್ಲೇ ಮುಗಿಯಿತು. ನಮ್ಮಲ್ಲೂ ಹಿಂದೆ ಕಟ್ಟೆ ಮೇಲೆ ಹೀಗೇ ಮುಗಿಸುತ್ತಿದ್ದರು.

ಅಂಕೋಲೆ ಅಕ್ಕೋರು · ಭಾನುವಾರ ಮಧ್ಯಾಹ್ನ 2.20

ಕಟ್ಟೆ ಮೇಲೆ ಕೂತವರು ಯಾರು, ಕಟ್ಟೆ ಕೆಳಗೆ ನಿಂತವರು ಯಾರು, ಅದನ್ನೂ ಬರೆಯಿರಿ ಮಂಡಿಯವರೇ. ನನ್ನ ಅಜ್ಜಿಯ ಕಾಲದಲ್ಲಿ ಹೆಂಗಸು ಅಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕೇಳಿಲ್ಲ.

ಗಚಾಚಾದಲ್ಲೂ ಅದೇ ತೊಡಕು. ನೆರೆಯವನ ವಿರುದ್ಧ ಸಾಕ್ಷಿ ಹೇಳಿದವಳು ಅದೇ ಬಾವಿಗೆ ನೀರಿಗೆ ಹೋಗಬೇಕು. ಸಾಕ್ಷಿಗಳನ್ನು ಕೊಂದದ್ದೂ ಇದೆ. ಗೆದ್ದು ಸರ್ಕಾರ ಮಾಡಿದವರ ಸೈನಿಕರು ಮಾಡಿದ ಕೊಲೆಗಳು ಅಲ್ಲಿ ವಿಚಾರಣೆಗೇ ಬರಲಿಲ್ಲ.

ಅರೂಷಾದ ದೂರದ ಕೋರ್ಟು ದುಬಾರಿ, ನಿಧಾನ, ಒಪ್ಪುತ್ತೇನೆ. ಆದರೆ ಅಲ್ಲಿ ಒಂದು ಕೆಲಸ ಆಯಿತು. ಅಕಾಯೆಸು ಅಂತ ಒಬ್ಬ ಮೇಯರ್. (ಇವನೂ ಮೊದಲು ಮಾಸ್ತರನೇ. ಸಾಕಪ್ಪಾ ನಮ್ಮ ಕುಲದ ಕತೆ!) ಅವನ ಮೇಲಿನ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಬೇರೆ ವಿಷಯಕ್ಕೆ ಸಾಕ್ಷಿ ಹೇಳಲು ಬಂದ ಹೆಂಗಸು ತನ್ನ ಆರು ವರ್ಷದ ಮಗಳಿಗೆ ಆದದ್ದನ್ನು ಹೇಳಿಬಿಟ್ಟಳು. ಪೀಠದಲ್ಲಿದ್ದ ಒಬ್ಬರೇ ಮಹಿಳಾ ನ್ಯಾಯಾಧೀಶೆ ನವನೀತಂ ಪಿಳ್ಳೈ, ದಕ್ಷಿಣ ಆಫ್ರಿಕಾದ ಡರ್ಬನ್‌ನ ತಮಿಳು ಮನೆಯವರು, ಬಸ್ ಚಾಲಕರ ಮಗಳು. ವಿಚಾರಣೆ ನಡುವೆಯೇ ಆರೋಪಪಟ್ಟಿ ತಿದ್ದಿ ಅತ್ಯಾಚಾರವನ್ನೂ ಸೇರಿಸಿದರು. 1998ರ ತೀರ್ಪಿನಲ್ಲಿ ಅತ್ಯಾಚಾರವೂ ನರಮೇಧದ ಆಯುಧ ಆಗಬಹುದು ಅಂತ ಮೊದಲ ಸಲ ಒಂದು ಅಂತರರಾಷ್ಟ್ರೀಯ ಕೋರ್ಟು ಹೇಳಿತು. ಆ ಮಾತು ಊರ ಕಟ್ಟೆಯ ಮೇಲೆ ಬರುತ್ತಿತ್ತಾ?

ಅಡಿಕೆ ಮಂಡಿ · ಭಾನುವಾರ ಮಧ್ಯಾಹ್ನ 2.31

ಬರುತ್ತಿರಲಿಲ್ಲ. ಕಟ್ಟೆಯ ಮಾತು ಹಿಂದಕ್ಕೆ ತೆಗೆದುಕೊಂಡೆ.

ಮುಂಡಗೋಡ ಮಾಸ್ತರ · ಭಾನುವಾರ ಸಂಜೆ 5.50

ಎಲ್ಲರೂ ದೂರದ್ದು ಹೇಳುತ್ತಿದ್ದೀರಿ. ನಮ್ಮ ಜಿಲ್ಲೆಯ ಜನರಿಗೇ ಸಂಬಂಧಿಸಿದ ಕೇಸು ಸ್ಪೇನಿನಲ್ಲಿ ನಡೆದದ್ದು ನಿಮಗೆ ಗೊತ್ತಾ?

ನಮ್ಮ ಲಾಮಾ ಕ್ಯಾಂಪಿನವರು, ಅಂದರೆ ಟಿಬೆಟಿಯನ್ ನಿರಾಶ್ರಿತರು, ಇಲ್ಲಿಗೆ ಬಂದು ನೆಲೆಸಿದ್ದು 1966ರಿಂದ. ಕಾಡು ಕಡಿದು, ಗೋವಿನಜೋಳ ಬೆಳೆದು, ಮಠ ಕಟ್ಟಿದರು. ನಾನು ಹತ್ತಿರದ ಶಾಲೆಯಲ್ಲಿದ್ದೆ, ಅಲ್ಲಿ ಗೆಳೆಯರು ಬಹಳ. ಟಿಬೆಟ್‌ನಲ್ಲಿ ಆದದ್ದರ ಬಗ್ಗೆ ಸ್ಪೇನಿನ ರಾಷ್ಟ್ರೀಯ ನ್ಯಾಯಾಲಯ 2006ರಲ್ಲಿ ದೂರು ತೆಗೆದುಕೊಂಡಿತು. ಘೋರ ಅಪರಾಧ ಎಲ್ಲೇ ಆಗಿರಲಿ, ಯಾರೇ ಮಾಡಿರಲಿ, ಇಲ್ಲಿ ವಿಚಾರಿಸಬಹುದು ಅನ್ನುವ ಕಾನೂನು ಅಲ್ಲಿತ್ತು. ಅದೇ ಕಾನೂನಿನ ಬಲದಿಂದ ಗಾರ್ಸೋನ್ ಅನ್ನುವ ನ್ಯಾಯಾಧೀಶ 1998ರಲ್ಲಿ ಚಿಲಿಯ ಮಾಜಿ ಸರ್ವಾಧಿಕಾರಿ ಪಿನೋಷೆಯನ್ನು ಲಂಡನ್ ಆಸ್ಪತ್ರೆಯಲ್ಲೇ ಬಂಧಿಸುವ ಹಾಗೆ ಮಾಡಿದ್ದ. ದೂರುದಾರರಲ್ಲಿ ಸ್ಪೇನಿನ ಪೌರತ್ವ ಪಡೆದ ಟಿಬೆಟಿಯನ್ ಭಿಕ್ಷುವೂ ಒಬ್ಬರು.

2013ರ ನವೆಂಬರಿನಲ್ಲಿ ಚೀನಾದ ಮಾಜಿ ಅಧ್ಯಕ್ಷ ಜಿಯಾಂಗ್ ಜೆಮಿನ್, ಮಾಜಿ ಪ್ರಧಾನಿ ಲಿ ಪೆಂಗ್ ಸೇರಿ ಐವರ ಬಂಧನಕ್ಕೆ ಆ ಕೋರ್ಟು ಆದೇಶ ಮಾಡಿತು. ಆ ವಾರ ನಾನು ಕ್ಯಾಂಪಿನಲ್ಲಿ ಒಬ್ಬ ಅಜ್ಜನ ಮನೆಗೆ ಹೋಗಿದ್ದೆ. ಬೆಣ್ಣೆ ಚಹಾ ಕೊಟ್ಟರು. ಮಗ ಸುದ್ದಿ ಓದಿ ಹೇಳಿದ. ಅಜ್ಜ ಜಪಮಣಿ ತಿರುಗಿಸುವುದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ್ದು ಒಂದೇ, "ಸ್ಪೇನ್ ಅಂದರೆ ಯಾವ ಕಡೆ?" ಗೋಡೆಯ ಕ್ಯಾಲೆಂಡರ್ ಹಿಂದೆ ನಾನು ನಕ್ಷೆ ಬಿಡಿಸಿ ತೋರಿಸಿದೆ. ಅವರು ಆ ಕ್ಯಾಲೆಂಡರನ್ನು ವರ್ಷ ಮುಗಿದ ಮೇಲೂ ಗೋಡೆಯಿಂದ ತೆಗೆಯಲಿಲ್ಲ.

ಚೀನಾ ಸಿಟ್ಟಾಯಿತು. 2014ರ ಮೊದಲ ತಿಂಗಳುಗಳಲ್ಲೇ ಸ್ಪೇನ್ ಸಂಸತ್ತು ಆ ಕಾನೂನಿನ ಕೈಕಾಲು ಕತ್ತರಿಸಿತು. ಜೂನ್‌ನಲ್ಲಿ ಕೇಸು ಮುಚ್ಚಿತು. ಬೆಲ್ಜಿಯಂ ಕೂಡ 2003ರಲ್ಲಿ ಇಂಥದ್ದೇ ಕಾನೂನನ್ನು ಅಮೆರಿಕ ಕಣ್ಣು ಬಿಟ್ಟಾಗ ಕೈಬಿಟ್ಟಿತ್ತು.

ಕುಮಟೆಯವರು ಹೇಳಿದರಲ್ಲ, ಸರ್ಬಿಯಾದಲ್ಲಿ ವ್ಯಾಪಾರದ ಆಸೆ ಪೊಲೀಸರ ಕೆಲಸ ಮಾಡಿತು ಅಂತ. ಇಲ್ಲಿ ಅದೇ ವ್ಯಾಪಾರದ ಆಸೆ ಪೊಲೀಸರನ್ನು ಮನೆಗೆ ಕಳಿಸಿತು.

ಕುಮಟೆಯವ, ಈಗ ಹೇಗ್ · ಭಾನುವಾರ ರಾತ್ರಿ 8.15

ಮಾಸ್ತರೇ, ಇದನ್ನು ಓದಿ ಸುಮ್ನೆ ಕೂತುಬಿಟ್ಟೆ.

ಆ ಕಾನೂನು ಈಗ ಜೋರಾಗಿ ನಡೆಯುತ್ತಿರುವುದು ಜರ್ಮನಿಯಲ್ಲಿ. ಸಿರಿಯಾದ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್ ನಿರಾಶ್ರಿತನಾಗಿ ಬರ್ಲಿನ್‌ಗೆ ಬಂದಿದ್ದ. ಅವನದೇ ದೇಶದ, ಜೈಲು ಕಂಡ ವಕೀಲರೊಬ್ಬರೂ ಅಲ್ಲಿಗೇ ನಿರಾಶ್ರಿತರಾಗಿ ಬಂದಿದ್ದರು, ಗುರುತು ಹಿಡಿದರು. 2022ರ ಜನವರಿಯಲ್ಲಿ ಕೋಬ್ಲೆಂಜ್ ಕೋರ್ಟು ಜೀವಾವಧಿ ಕೊಟ್ಟಿತು. ಆದರೆ ವಿಚಾರಣೆ ಪೂರ್ತಿ ಜರ್ಮನ್‌ನಲ್ಲಿ. ನೋಡಲು ಬಂದ ಸಿರಿಯನ್ನರಿಗೆ ಅರಬ್ಬಿ ಅನುವಾದ ಇಲ್ಲ. ಪತ್ರಕರ್ತರು ಅನುವಾದ ಕೇಳಲಿಕ್ಕೇ ಅಲ್ಲಿನ ಸಂವಿಧಾನ ನ್ಯಾಯಾಲಯದ ತನಕ ಹೋಗಬೇಕಾಯಿತು. ವಕೀಲರೇ, ಬೆಂಗಳೂರು, ಧಾರವಾಡದ ಹೈಕೋರ್ಟಿನಲ್ಲಿ ನಮ್ಮೂರ ಕಕ್ಷಿದಾರ ಹಿಂದಿನ ಬೆಂಚಿನಲ್ಲಿ ಇಂಗ್ಲಿಷ್ ಕೇಳುತ್ತಾ ಕೂರುವುದು ನೆನಪಾಗಲಿಲ್ವಾ?

ಹೊನ್ನಾವರ ಬಂದರು · ಭಾನುವಾರ ರಾತ್ರಿ 8.40

ಎಲ್ಲ ಸರಿ. ನಮ್ಮ ದೇಶದ್ದು ಯಾರೂ ಹೇಳುತ್ತಿಲ್ಲವಲ್ಲ?

ನಿರ್ವಾಹಕ · ಭಾನುವಾರ ರಾತ್ರಿ 9.25

ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ತೀರ್ಪಿನ ಬಗ್ಗೆ ಬರೆಯಿರಿ, ಪಕ್ಷದ ಜಗಳ ಬೇರೆ ಕಡೆ.

ಕಾಳಿ ದಂಡೆ · ಭಾನುವಾರ ರಾತ್ರಿ 10.05

ಬರೀ ತೀರ್ಪಿನದ್ದೇ ಹೇಳುತ್ತೇನೆ. ಭಾರತ 1959ರಲ್ಲೇ ನರಮೇಧ ವಿರೋಧಿ ಒಪ್ಪಂದ ಸ್ಥಿರೀಕರಿಸಿತು. ಆದರೆ ಅದಕ್ಕೆ ತಕ್ಕ ಕಾನೂನು ಮಾಡಲಿಲ್ಲ. 1984ರಲ್ಲಿ ದೆಹಲಿಯಲ್ಲಿ 2,733 ಸಿಖ್ಖರನ್ನು ಕೊಂದರು. 34 ವರ್ಷದ ಮೇಲೆ, 2018ರ ಡಿಸೆಂಬರ್ 17ರಂದು, ದೆಹಲಿ ಹೈಕೋರ್ಟು ಮಾಜಿ ಸಂಸದ ಸಜ್ಜನ್ ಕುಮಾರ್‌ಗೆ ಜೀವಾವಧಿ ಕೊಟ್ಟಿತು. ಕೆಳಗಿನ ಕೋರ್ಟಿನಲ್ಲಿ ಖುಲಾಸೆ ಆಗಿತ್ತು. ನರಮೇಧವಾಗಲಿ ಮಾನವಕುಲದ ವಿರುದ್ಧದ ಅಪರಾಧವಾಗಲಿ ನಮ್ಮ ಅಪರಾಧ ಕಾನೂನಿನಲ್ಲಿ ಇಲ್ಲ, ಈ ಕಿಂಡಿಯನ್ನು ಬೇಗ ಮುಚ್ಚಬೇಕು ಅಂತ ಅದೇ ತೀರ್ಪಿನಲ್ಲಿ ಇದೆ. ಆಮೇಲೆ 2023ರಲ್ಲಿ ಇಡೀ ದಂಡಸಂಹಿತೆಯನ್ನೇ ಹೊಸದಾಗಿ ಬರೆದರು. ಕಿಂಡಿ ಹಾಗೇ ಇದೆ.

ಹಾಗಾಗಿ ನಮ್ಮಲ್ಲಿ ಸಾವಿರ ಜನ ಸತ್ತರೂ ಅದು ಸಾವಿರ ಬಿಡಿ ಕೊಲೆ. ಪ್ರತಿಯೊಂದಕ್ಕೂ ಬೇರೆ ಪಂಚನಾಮೆ, ಬೇರೆ ಸಾಕ್ಷಿ. ಸಾಕ್ಷಿ ತಿರುಗಿ ಬಿದ್ದರೆ ಮುಗಿಯಿತು. ನಮ್ಮ ಕರ್ನಾಟಕದ್ದೇ ನೋಡಿ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿದರು, ಎಲ್ಲರೂ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದಂತೂ ನಿಜ.

ಹೇಗ್‌ನಲ್ಲಿ ಸಾಕ್ಷಿಗೆ ಪರದೆ ಇಳಿಸುತ್ತಾರೆ ಅಂದರಲ್ಲ ಕುಮಟೆಯವರು, ಅದನ್ನು ಓದಿದಾಗ ನನಗೆ ಕಂಬಾಲಪಲ್ಲಿಯೇ ಕಣ್ಣ ಮುಂದೆ ಬಂತು. ಬೆಳಿಗ್ಗೆ ಸಾಕ್ಷಿ ಹೇಳಿ, ಸಂಜೆ ಅದೇ ಊರಿಗೆ ಹೋಗುವ ಅದೇ ಬಸ್ಸು ಹತ್ತಬೇಕು. ಕಾಲೇಜಿನಲ್ಲಿ ನಾನು ಇದನ್ನೇ ಹೇಳುತ್ತೇನೆ ಅಂತ ಈಗ ತೀರ್ಮಾನ ಮಾಡಿದೆ. ಪೊಲೀಸರು ಇದ್ದಾರಾ ಅನ್ನುವುದಕ್ಕಿಂತ ಸಾಕ್ಷಿ ರಾತ್ರಿ ಎಲ್ಲಿ ಮಲಗುತ್ತಾಳೆ ಅಂತ ಕೇಳಬೇಕು.

ಅಂಕೋಲೆ ಅಕ್ಕೋರು · ಸೋಮವಾರ ಬೆಳಿಗ್ಗೆ 6.30

ವಕೀಲರೇ, ಅರ್ಜೆಂಟೀನಾ ಬಿಡಬೇಡಿ. ಹೊರಗಿನ ಕೋರ್ಟಿಗೆ ಕಾಯದೆ ತಮ್ಮದೇ ಕೋರ್ಟಿನಲ್ಲಿ ಮಾಡಿ ತೋರಿಸಿದವರು ಅವರು. 1976ರಿಂದ 83ರವರೆಗೆ ಸೇನೆಯ ಆಳ್ವಿಕೆ, ಸಾವಿರಾರು ಜನ ನಾಪತ್ತೆ. 1985ರಲ್ಲೇ ಸೇನಾ ಮುಖ್ಯಸ್ಥರನ್ನು ಮಾಮೂಲಿ ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ಅವರಲ್ಲಿ ಮೊದಲಿಗ ವಿಡೆಲಾಗೆ ಜೀವಾವಧಿ. ಆಮೇಲೆ ಸೇನೆ ಗುರ್ ಅಂದಿತು. ಕೇಸು ನಿಲ್ಲಿಸುವ ಕಾನೂನು ಬಂತು, ಕ್ಷಮಾದಾನ ಬಂತು, ವಿಡೆಲಾ ಮನೆಗೆ ಹೋದ. ಆದರೆ ನಾಪತ್ತೆಯಾದವರ ತಾಯಂದಿರು ಬಿಡಲಿಲ್ಲ. 1977ರಿಂದ ಪ್ರತಿ ಗುರುವಾರ ಅಧ್ಯಕ್ಷರ ಅರಮನೆ ಮುಂದಿನ ಚೌಕದಲ್ಲಿ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಸುತ್ತು ಹಾಕಿದರು. ಆ ಕಾನೂನುಗಳನ್ನು 2003ರಲ್ಲಿ ಸಂಸತ್ತು ರದ್ದು ಮಾಡಿತು, 2005ರಲ್ಲಿ ಸುಪ್ರೀಂ ಕೋರ್ಟು ಅವು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಅಲ್ಲಿಂದ ಸಾವಿರಕ್ಕೂ ಹೆಚ್ಚು ಜನರಿಗೆ ಶಿಕ್ಷೆ ಆಗಿದೆ. ವಿಡೆಲಾ 2013ರಲ್ಲಿ ಸತ್ತದ್ದು ಜೈಲಿನಲ್ಲೇ.

ಅಜ್ಜಿಯರು ಇನ್ನೂ ಒಂದು ಮಾಡಿದರು. ಬಸುರಿ ಕೈದಿಗಳ ಮಕ್ಕಳನ್ನು ಸೇನೆಯವರು ಕದ್ದು ಹಂಚಿಕೊಂಡಿದ್ದರು. ತಂದೆ ತಾಯಿ ಇಲ್ಲ, ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸಲು ಆಗುತ್ತದಾ ಅಂತ ವಿಜ್ಞಾನಿಗಳ ಮನೆಬಾಗಿಲಿಗೆ ಹೋದರು. ಆಗುತ್ತದೆ ಅಂತ ಮಾಡಿ ತೋರಿಸಿದರು. 130ಕ್ಕೂ ಹೆಚ್ಚು ಮೊಮ್ಮಕ್ಕಳು ಸಿಕ್ಕಿದ್ದಾರೆ.

ಶಿರೂರು ಗುಡ್ಡ ಕುಸಿದಾಗ ನಾವು ನೋಡಿದೆವಲ್ಲ. ಅದು ಮಳೆಯ ಕೆಲಸ, ಇದು ಮನುಷ್ಯರ ಕೆಲಸ, ಹೋಲಿಸುತ್ತಿಲ್ಲ. ಆದರೆ ಗಂಗಾವಳಿ ಹೊಳೆಗೆ ಬಿದ್ದ ಲಾರಿಯನ್ನು ಮೇಲೆತ್ತಲಿಕ್ಕೆ ಎರಡು ತಿಂಗಳು ದಾಟಿತು. ಒಳಗೆ ಇರುವುದು ಯಾರು ಅಂತ ಎಲ್ಲರಿಗೂ ಗೊತ್ತಿದ್ದರೂ ಡಿಎನ್‌ಎ ವರದಿ ಬರುವ ತನಕ ಮನೆಯವರಿಗೆ ಕೊಡಲಿಲ್ಲ. ಆ ದಿನಗಳಲ್ಲಿ ದಂಡೆಯಲ್ಲಿ ಕಾಯುತ್ತಿದ್ದವರ ಮುಖ ನೋಡಿದ್ದೇನೆ. ಅರ್ಜೆಂಟೀನಾದಲ್ಲಿ ಹಾಗೆ ನಲವತ್ತು ವರ್ಷ.

ಮುಂಡಗೋಡ ಮಾಸ್ತರ · ಸೋಮವಾರ ಬೆಳಿಗ್ಗೆ 8.10

ವಕೀಲರೇ, ಶಿರಸಿಗೆ ಬಂದ ದಿನ ಮುಂಡಗೋಡಕ್ಕೂ ಬನ್ನಿ. ಸ್ಪೇನ್ ಕೇಸಿಗೆ ಸಂಬಂಧಪಟ್ಟ ಪತ್ರಿಕೆ ತುಣುಕುಗಳನ್ನು ಕ್ಯಾಂಪಿನ ಗೆಳೆಯರೊಬ್ಬರು ಕಡತ ಮಾಡಿ ಇಟ್ಟಿದ್ದಾರೆ. ಜೆರಾಕ್ಸ್ ಮಾಡಿಕೊಳ್ಳಬಹುದು. ಆ ಅಜ್ಜ ಈಗಿಲ್ಲ.

ಕಾಳಿ ದಂಡೆ · ಸೋಮವಾರ ರಾತ್ರಿ 9.15

ಖಂಡಿತ ಬರುತ್ತೇನೆ ಮಾಸ್ತರೇ, ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ.

ಆಯಿಗೆ ಇವತ್ತು ಅಕ್ಕೋರು ಬರೆದದ್ದನ್ನು ಓದಿ ಹೇಳಿದೆ. ತಾಯಂದಿರ ಸುದ್ದಿ ಬಂದಾಗ ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು. "ಪ್ರತಿ ಗುರುವಾರನಾ? ಮಳೆಗಾಲದಲ್ಲೂ?" ಅಂತ ಕೇಳಿದಳು.

ಕುಮಟೆಯವರೇ, ಅರ್ಜೆಂಟೀನಾದ ಆ ಊರಲ್ಲಿ ಮಳೆಗಾಲ ಯಾವಾಗ?

ಕುಮಟೆಯವ, ಈಗ ಹೇಗ್ · ಸೋಮವಾರ ರಾತ್ರಿ 9.50

ನಮ್ಮ ಹಾಗೆ ನಾಲ್ಕು ತಿಂಗಳಿನದ್ದಲ್ಲ. ವರ್ಷವಿಡೀ ಬಿಟ್ಟು ಬಿಟ್ಟು ಬರುತ್ತದೆ. ಕೊಡೆ ಹಿಡಿದು ಸುತ್ತು ಹಾಕುತ್ತಾರೆ ಅಂತ ಹೇಳಿ ಆಯಿಗೆ.